ಹತ್ತಿರ ಬಂದರೆ ಸಾಲದು

ಅವರ ಬಾಯಿಯೊಳಗೆ ನಾನು ನೋಡಿದಷ್ಟು ಅವರ ಹಲ್ಲಿನ ಡಾಕ್ಟರೂ ನೋಡಿರಲಿಕ್ಕಿಲ್ಲ. ಮೇಲಿನ ಸಾಲಿನ ಎರಡು ದವಡೆ ಹಲ್ಲುಗಳಿಗೆ ಬೆಳ್ಳಿ ಬಣ್ಣದ ಟೋಪಿ, ಕೆಳಗೆ ಎಡಗಡೆ ಒಂದು ಖಾಲಿ ಜಾಗ, ನಾಲಿಗೆಯ ನಟ್ಟನಡುವೆ ಆಳವಾದ ಒಂದು ಗೀರು. ತರಗತಿ ಶುರುವಾಗುವಾಗ ಕೈಚೀಲದಿಂದ ಸಣ್ಣ ಟಾರ್ಚ್ ತೆಗೆದು, ತಮ್ಮ ಬಾಯಿಗೆ ತಾವೇ ಬೆಳಕು ಬಿಟ್ಟುಕೊಂಡು, ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದಿನ ಉಬ್ಬಿಗೆ ಎಲ್ಲಿ ತಾಗಬೇಕು ಅಂತ ತೋರಿಸುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು, ನನ್ನ ಭುಜಕ್ಕೂ ಬಾರದ ಎತ್ತರ. ಅವರು ಹಾಗೆ ಬಾಯಿ ತೆರೆದು ನಿಂತರೆ ಸುತ್ತ ನಾವೆಲ್ಲ ಬಾವಿಗೆ ಬಿದ್ದ ಕೊಡ ಹುಡುಕುವವರ ಹಾಗೆ ಬಗ್ಗಿ ಇಣುಕುತ್ತಿದ್ದೆವು. ನಾಚಿಕೆ ಅನ್ನುವುದು ಅವರ ಹತ್ತಿರ ಸುಳಿದಿರಲೇ ಇಲ್ಲ.

ಅವರು ಚಿಲಿ ದೇಶದವರು. ನ್ಯೂಜಿಲೆಂಡಿನ ಡನೀಡಿನ್ ಊರಿನ ಒಂದು ಚರ್ಚಿನ ಹಿಂಬದಿಯ ಹಾಲಿನಲ್ಲಿ ವಾರಕ್ಕೊಂದು ಸಂಜೆ ದೊಡ್ಡವರಿಗೆ ಸ್ಪ್ಯಾನಿಷ್ ಕಲಿಸುತ್ತಿದ್ದರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಓದುತ್ತೀರಿ, ಓದುವಾಗ ತಪ್ಪುತ್ತೀರಿ, ಅದನ್ನು ನಾನು ಸಹಿಸುವುದಿಲ್ಲ. ತರಗತಿಯ ಉಳಿದವರೆಲ್ಲ ಪ್ರೊಫೆಸೋರಾ ಅನ್ನುತ್ತಿದ್ದರು. ನಾನು ಧಾರವಾಡದವಳು, ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸು ಯಾರೇ ಇರಲಿ, ಅಕ್ಕೋರು. ನಾನು ಅಕ್ಕೋರು ಅಂದೇ ಕರೆದೆ. ಅದರ ಅರ್ಥ ಕೇಳಿ ತಿಳಿದುಕೊಂಡು, ಎರಡು ಸಲ ತಾವೇ ಹೇಳಿ ನೋಡಿ, ಇರಲಿ ಅಂತ ಒಪ್ಪಿದರು. ಅವರು ನನ್ನ ಜೊತೆ ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲೇ. ಆದರೂ ಅವರ ಮಾತು ನನ್ನ ಕಿವಿಯಲ್ಲಿ ಉಳಿದಿರುವುದು ಧಾರವಾಡದ ಕನ್ನಡವಾಗಿ. ಆ ಗತ್ತಿಗೆ, ಆ ಖಾರಕ್ಕೆ ಬೇರೆ ಯಾವ ಭಾಷೆಯೂ ಹೊಂದುವುದಿಲ್ಲ. ಹಾಗೇ ಬರೆಯುತ್ತೇನೆ, ತಕರಾರು ಇದ್ದವರು ತೆಗೆಯಲಿ.

ನಾನು ಸ್ಪ್ಯಾನಿಷ್ ಕಲಿಯಲು ಹೋದವಳಲ್ಲ. ಸುಳ್ಳು ಯಾಕೆ ಹೇಳಲಿ, ಹೀಟರಿನ ಆಸೆಗೆ ಹೋದವಳು. ನರ್ಸಿಂಗ್ ಓದಿ, ಹುಬ್ಬಳ್ಳಿಯಲ್ಲಿ ಕೆಲವು ವರ್ಷ ದುಡಿದು, ಗಂಡ ಮತ್ತು ಮಗಳ ಜೊತೆ ಇಲ್ಲಿಗೆ ಬಂದ ಮೊದಲ ಚಳಿಗಾಲ ಅದು. ಡನೀಡಿನ್ನಿನ ಗುಡ್ಡದ ಮೇಲಿನ ಹಳೆಯ ಮರದ ಮನೆಗಳನ್ನು ಕಟ್ಟಿದವರಿಗೆ ಚಳಿಯ ಮೇಲೆ ಅದೇನು ಪ್ರೀತಿಯೋ ಕಾಣೆ, ಹೊರಗಿಗಿಂತ ಒಳಗೇ ಹೆಚ್ಚು ಥಂಡಿ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಆ ಹಾಲಿನ ಕಿಟಕಿಯಲ್ಲಿ ಕೆಂಪಗೆ ಉರಿಯುವ ದೊಡ್ಡ ಹೀಟರ್ ಕಂಡಿತು. ಬಾಗಿಲಿಗೆ ಸ್ಪ್ಯಾನಿಷ್ ತರಗತಿ, ಯಾರು ಬೇಕಾದರೂ ಬರಬಹುದು ಅಂತ ಚೀಟಿ ಅಂಟಿಸಿದ್ದರು. ನಾನೂ ಯಾರು ಬೇಕಾದರೂ ಆಗಿದ್ದೆನಲ್ಲ, ಒಳಗೆ ಹೋಗಿ ಹೀಟರಿನ ಪಕ್ಕದ ಕುರ್ಚಿಯನ್ನೇ ಹಿಡಿದೆ.

ಹೊಸಬರು ಬಂದರೆ ಅಕ್ಕೋರು ಹೆಸರು ಕುಲ ವಿಚಾರಿಸುತ್ತಿರಲಿಲ್ಲ. ಟಾಯ್ಲೆಟ್ ಪೇಪರಿನ ಒಂದು ತೆಳ್ಳನೆಯ ಪಟ್ಟಿ ಹರಿದು, ಅದನ್ನು ಹೊಸಬರ ತುಟಿಯ ಮುಂದೆ ಇಳಿಬಿಟ್ಟು, ಪಪಾ ಅನ್ನಿ ಅನ್ನುತ್ತಿದ್ದರು. ಪಪಾ ಅಂದರೆ ಅಪ್ಪ. ಇಂಗ್ಲಿಷ್ ಬಾಯಿಯಿಂದ ಆ ಪಕಾರ ಬಂದರೆ ಜೊತೆಗೆ ಪುಸ್ ಅಂತ ಗಾಳಿಯೂ ಬಂದು ಕಾಗದ ಹಾರುತ್ತದೆ. ಕಾಗದ ಅಲ್ಲಾಡಬಾರದು, ಅದೇ ಪರೀಕ್ಷೆ. ನನ್ನ ಮುಂದೆ ಹಿಡಿದರು, ನಾನು ಅಂದೆ, ಕಾಗದ ಮಿಸುಕಲಿಲ್ಲ. ನಮ್ಮ ಪಪ್ಪಾಯಿ, ಪಲ್ಯ, ಪಾತ್ರೆಗಳಲ್ಲಿ ಇರುವ ಪಕಾರವೇ ಅದು. ಆಮೇಲೆ ರಕಾರ ಹೇಳಿಸಿದರು. ಒಂಟಿ ರಕಾರ, ಜೋಡಿ ರಕಾರ, ಎರಡೂ ಗಡಗಡ ಬಂದವು. ತರಗತಿಯವರು ತಿರುಗಿ ನೋಡಿದರು. ವರುಷಗಟ್ಟಲೆ ಹೆಣಗುತ್ತಿದ್ದವರ ನಡುವೆ ಚಳಿ ಕಾಯಿಸಿಕೊಳ್ಳಲು ಬಂದವಳು ಪಾಸಾಗಿದ್ದಳು. ನನಗೆ ಕೋಡು ಮೂಡಿತು ಅಂತಲೇ ಹೇಳಬೇಕು.

ಆ ಕೋಡು ಮುರಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮುಂದಿನ ವಾರ ಫೆರ್ರೋಕಾರ್ರಿಲ್ ಅನ್ನುವ ಪದ ಕೊಟ್ಟರು. ರೈಲ್ವೆ ಅಂತ ಅರ್ಥ. ಇಂಗ್ಲಿಷ್ ಮಾತಾಡುವವರಿಗೆ ಸ್ಪ್ಯಾನಿಷಿನಲ್ಲಿ ಇದರಷ್ಟು ಕಷ್ಟದ ಪದ ಇನ್ನೊಂದಿಲ್ಲ ಅನ್ನುತ್ತಾರೆ, ಎರಡು ಜೋಡಿ ರಕಾರ ಒಂದರ ಬೆನ್ನಿಗೆ ಒಂದು. ನಾನು ಠೀವಿಯಿಂದ ಎದ್ದು ನಿಂತು ಫೆರ್ರೋಕಾರ್ರಿಲು ಅಂದೆ. ಬಸ್ಸು, ಕಾರು, ಲೈಟು ಅನ್ನುವ ನಾಲಿಗೆ ನಮ್ಮದು, ಪದ ಮುಗಿದಲ್ಲಿ ಸುಮ್ಮನಿರುವುದು ಅದಕ್ಕೆ ಗೊತ್ತೇ ಇಲ್ಲ. ಅಕ್ಕೋರು ಕನ್ನಡಕದ ಮೇಲಿಂದ ನೋಡಿದರು.

"ಈ ಬಾಲ ಎಲ್ಲಿಂದ ತಂದಿ? ನನ್ನ ರೈಲಿಗೆ ಹಿಂದ ಇನ್ನೊಂದ ಡಬ್ಬಿ ಜೋಡಸಬ್ಯಾಡ."

ಆಮೇಲೆ ಅವರ ಖಾಯಂ ಮಾತು ಬಂತು: ಓತ್ರಾ ಬೇಸ್. ಮತ್ತೊಮ್ಮೆ. ಆ ಸಂಜೆ ಆ ಒಂದು ಉಕಾರ ಕತ್ತರಿಸುವುದರಲ್ಲಿ ನನಗೆ ಬೆವರು ಬಂತು. ಹೀಟರಿನ ಅಗತ್ಯವೇ ಬೀಳಲಿಲ್ಲ.

ಈ ದೇಶದ ಜನ ಒಳ್ಳೆಯವರು, ಯಾರ ಮನಸ್ಸೂ ನೋಯಬಾರದು ಅನ್ನುವವರು. ಯಾರಾದರೂ ತಪ್ಪು ಹೇಳಿದರೆ ಪಕ್ಕದವರು ತಲೆಯಾಡಿಸಿ ಹತ್ತಿರ ಬಂತು, ಅಷ್ಟು ಸಾಕು ಅಂತ ಬೆನ್ನು ತಟ್ಟುತ್ತಾರೆ. ಅಕ್ಕೋರಿಗೆ ಮೈ ಉರಿಯುತ್ತಿದ್ದುದೇ ಆ ಮಾತಿಗೆ. ಅವರಪ್ಪ ದಕ್ಷಿಣ ಚಿಲಿಯ ಒಂದು ಮಳೆಯೂರಿನಲ್ಲಿ ರೈಲು ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದವರು, ಹಾಗಾಗಿ ಅವರಿಗೆ ಬಾಯಿಗೆ ಬರುತ್ತಿದ್ದುದು ರೈಲಿನ ಮಾತೇ. "ಸ್ಟೇಶನ್ ಹತ್ರ ಬಂದು ರೈಲು ನಿಂತ್ರ ನೀ ಇಳಿತಿಯೇನು? ಒಳಗ ಬರಬೇಕು," ಅನ್ನುತ್ತಿದ್ದರು. ನಾಲಿಗೆಗೆ ಬರುವುದಿಲ್ಲ ಅಂತ ಯಾರಾದರೂ ಅಂದರಂತೂ ಮುಗಿಯಿತು. ನೀವು ಬಟರ್ ಅನ್ನುವಾಗ ನಡುವೆ ಬರುವುದು ಟಕಾರವಲ್ಲ, ಸ್ಪ್ಯಾನಿಷಿನ ಒಂಟಿ ರಕಾರವೇ. ಬೆಣ್ಣೆಗೆ ಬರುವ ರಕಾರ ನನ್ನ ಭಾಷೆಗೆ ಯಾಕೆ ಬರುವುದಿಲ್ಲ ಅಂತ ಹಿಡಿದು ನಿಲ್ಲಿಸುತ್ತಿದ್ದರು. ನಮ್ಮ ತರಗತಿಯಲ್ಲಿ ಗೋರ್ ಕಡೆಯ ಒಬ್ಬ ನಿವೃತ್ತ ಟೀಚರ್ ಇದ್ದಳು. ದಕ್ಷಿಣದ ಆ ಸೀಮೆಯವರಿಗೆ ಸ್ಕಾಟ್ಲೆಂಡಿನ ಅಜ್ಜ ಅಜ್ಜಿಯರಿಂದ ಬಂದ ರಕಾರ ಇನ್ನೂ ಸ್ವಲ್ಪ ಉಳಿದಿದೆ. ಅವಳನ್ನು ಎಬ್ಬಿಸಿ ನಿಲ್ಲಿಸಿ, ನೋಡಿ, ಇವಳೂ ನಿಮ್ಮವಳೇ ಅಂತ ಸಾಕ್ಷಿ ಹೇಳಿಸುತ್ತಿದ್ದರು. ನಾಲಿಗೆ ಎಲ್ಲರದ್ದೂ ಒಂದೇ ಮಾಂಸ, ಬರುವುದಿಲ್ಲ ಅನ್ನುವುದು ನಾಲಿಗೆಯಲ್ಲ, ಸೊಕ್ಕು ಅನ್ನುವುದು ಅವರ ತೀರ್ಮಾನ.

ಹೊರಗೂ ಅವರದು ಇದೇ ವರಸೆ. ಒಮ್ಮೆ ಸೂಪರ್‌ಮಾರ್ಕೆಟ್ಟಿಗೆ ಜೊತೆಯಲ್ಲಿ ಹೋಗಿದ್ದೆ. ಮಾಂಸದ ಕೌಂಟರಿನಲ್ಲಿ ಚೊರೀಸೊ ಅನ್ನುವ ಕೆಂಪು ಸಾಸೇಜ್ ಇತ್ತು. ಅಲ್ಲಿನ ಹುಡುಗಿ ಅದನ್ನು ಚೊರಿಟ್ಸೊ ಅಂದಳು, ಇಲ್ಲಿ ಎಲ್ಲರೂ ಅನ್ನುವ ಹಾಗೆ. ಅಕ್ಕೋರು ಪೊಟ್ಟಣ ತೆಗೆದುಕೊಳ್ಳಲಿಲ್ಲ. ಇನ್ನೊಮ್ಮೆ ಹೇಳು ಮಗಾ, ಆ ಟಕಾರ ನಿನಗೆ ಯಾರು ಕೊಟ್ಟರು, ಅಂತ ಶುರು ಹಚ್ಚಿದರು. ಹಿಂದೆ ಸಾಲು ಬೆಳೆಯಿತು. ಲಿಂಗಾಯತರ ಮನೆಯ ಹೆಣ್ಣುಮಗಳು ನಾನು, ಮೊಟ್ಟೆಯನ್ನೂ ಮುಟ್ಟದವಳು, ಹಂದಿಮಾಂಸದ ಮುಂದೆ ಬೇರೆಯವರ ಪರವಾಗಿ ಮುಖ ಕೆಂಪು ಮಾಡಿಕೊಂಡು ನಿಂತಿದ್ದೆ. ಆ ಹುಡುಗಿ ಮಾತ್ರ ನಕ್ಕು, ಮೂರು ಸಲ ಪ್ರಯತ್ನಿಸಿ, ಸರಿಯಾಗಿ ಹೇಳಿಯೇಬಿಟ್ಟಳು. ಅಕ್ಕೋರು ಕೈ ಚಾಚಿ ಅವಳ ಕೆನ್ನೆ ಮುಟ್ಟಿದರು.

ಹೊರಗೆ ಬಂದ ಮೇಲೆ ಪಾಪ, ಕೆಲಸ ಮಾಡುವ ಹುಡುಗಿಯನ್ನು ಯಾಕೆ ಗೋಳು ಹೊಯ್ದುಕೊಂಡಿರಿ ಅಂದೆ. ಆಗ ಹೇಳಿದರು. ಇಲ್ಲಿಗೆ ಬಂದ ಹೊಸತರಲ್ಲಿ ಉಣ್ಣೆಯ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದರಂತೆ. ಅವರು ಶಿಪ್ ಅಂದರೆ ಶೀಪ್ ಆಗುತ್ತಿತ್ತು, ಯೆಸ್ ಅಂದರೆ ಜೆಸ್ ಆಗುತ್ತಿತ್ತು. ಮೇಸ್ತ್ರಿ ಎಲ್ಲರ ಮುಂದೆ ಮತ್ತೆ ಮತ್ತೆ ಹೇಳಿಸಿ ನಗಿಸುತ್ತಿದ್ದನಂತೆ. ಹತ್ತಿರ ಬಂತು, ಸಾಕು ಅಂತ ಯಾರೂ ಬೆನ್ನು ತಟ್ಟಲಿಲ್ಲವಂತೆ.

"ನಾ ಇವರ ಭಾಷಾಕ್ಕ ನಲವತ್ತ ವರ್ಷ ನಾಲಿಗಿ ಮಣಿಸೇನಿ. ಇವರು ನನಗ ವಾರದಾಗ ಒಂದ ಸಂಜಿ ಮಣಿಸಲಿ. ತುಟ್ಟಿ ಆತೇನು?"

ತುಟ್ಟಿಯಾಗಲಿಲ್ಲ ಅಂತ ನನಗೆ ಅವತ್ತೇ ಅನ್ನಿಸಿತು. ಮನೆಗೆ ಹೋದ ಮೇಲೆ ಮಗಳು ಉಳ್ಳಾಗಡ್ಡಿ ಅನ್ನುವಾಗ ಳಕಾರವನ್ನು ಲಕಾರ ಮಾಡಿ ಜಾರಿಸಿದಳು. ನಾನು ಮತ್ತೊಮ್ಮೆ ಅಂದೆ. ಅಯ್ಯೋ ಅಮ್ಮಾ, ಅರ್ಥವಾಯಿತಲ್ಲ ಅಂತ ಅವಳು ಇಂಗ್ಲಿಷಿನಲ್ಲಿ ರಾಗ ಎಳೆದಳು. ಅರ್ಥವಾಗುವುದು ಬೇರೆ, ಹೇಳುವುದು ಬೇರೆ ಅಂತ ಕೂರಿಸಿಕೊಂಡೆ. ನಮ್ಮವರು ಪೇಪರಿನ ಹಿಂದಿನಿಂದ, ಆ ಮುದುಕಿ ಹತ್ರ ಹೋಗಿ ಹೋಗಿ ನೀನೂ ಕೆಟ್ಟಿ ನೋಡು, ಅಂದರು.

ಇನ್ನು ಪ್ಲಂಬರನ ವಿಷಯ. ಅರವತ್ತರ ಆಸುಪಾಸಿನ ಇಲ್ಲಿಯವನೇ, ಆರಡಿ ದಾಟಿದ ಆಳು, ಹೆಂಡತಿ ತೀರಿಹೋಗಿ ಒಂಟಿಯಾಗಿದ್ದವನು. ಹಾಲಿನ ಬಿಸಿನೀರಿನ ಸಿಲಿಂಡರ್ ಸೋರುತ್ತಿದೆ ಅಂತ ರಿಪೇರಿಗೆ ಬಂದವನು, ಪಾನಾ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು ಪಾಠ ಕೇಳಿದ. ಮುಂದಿನ ವಾರ ಸಿಲಿಂಡರ್ ಸರಿ ಇದ್ದರೂ ಬಂದ. ಅವನಿಗೆ ಸ್ಪ್ಯಾನಿಷ್ ಯಾಕೆ ಬೇಕಿತ್ತೋ ಯಾರಿಗೂ ಗೊತ್ತಿಲ್ಲ, ಬಹುಶಃ ಅವನಿಗೂ ಹೀಟರೇ ಕಾರಣವಿರಬೇಕು. ಆದರೆ ಅವನಂಥ ಮೊಂಡು ನಾಲಿಗೆಯನ್ನು ನಾನು ಕಂಡಿಲ್ಲ. ರಕಾರ ಬಂತೆಂದರೆ ಅದು ಅವನ ಬಾಯಿಯೊಳಗೆ ಮಡಚಿಕೊಂಡು ಮಲಗಿಬಿಡುತ್ತಿತ್ತು. ಅಕ್ಕೋರು ಟಾರ್ಚ್ ಹಿಡಿದು ಅವನ ಬಾಯಿಯಲ್ಲೂ ಇಣುಕಿ ನೋಡಿದ್ದಾಯಿತು. ಅವನು ತನ್ನ ಸಾಮಾನು ಹೇರುವ ಗಾಡಿಯಲ್ಲಿ ಕೂತು, ಗಾಜು ಏರಿಸಿಕೊಂಡು, ಕೆಲಸದಿಂದ ಕೆಲಸಕ್ಕೆ ಹೋಗುವ ದಾರಿಯುದ್ದಕ್ಕೂ ರ್ರ ರ್ರ ಅನ್ನುತ್ತಿದ್ದ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ಇವನಿಗೇನೋ ಆಗಿದೆ ಅಂತ ಆಂಬುಲೆನ್ಸ್ ಬೇಕಾ ಅಂತ ಕೈಸನ್ನೆ ಮಾಡಿ ಕೇಳಿದ್ದರಂತೆ. ಅದನ್ನು ಅವನೇ ಹೇಳಿ ನಗುತ್ತಿದ್ದ. ನಗುತ್ತಿದ್ದನೇ ಹೊರತು ಬಿಟ್ಟು ಹೋಗಲಿಲ್ಲ.

ಮೂರನೆಯ ವರ್ಷ, ಇಲ್ಲಿಯ ಶರತ್ಕಾಲವಾದ ಏಪ್ರಿಲ್ಲಿನಲ್ಲಿ, ಒಂದು ಸಂಜೆ ಅಕ್ಕೋರು ಟಾರ್ಚ್ ತೆಗೆಯಲಿಲ್ಲ. ಕುರ್ಚಿಯಲ್ಲಿ ಕೂತೇ ಮಾತಾಡಿದರು. ಮೇದೋಜೀರಕದಲ್ಲಿ ಗಡ್ಡೆಯಿದೆ, ತುಂಬ ಹರಡಿದೆ, ಆಪರೇಷನ್ ಬೇಡವೆಂದು ನಾನೇ ಹೇಳಿ ಬಂದಿದ್ದೇನೆ ಅಂದರು. ಬಸ್ಸಿನ ವೇಳೆ ಬದಲಾಗಿದೆ ಅಂತ ತಿಳಿಸುವವರ ದನಿಯಲ್ಲಿ ಹೇಳಿದರು. ನಾನು ನರ್ಸ್, ಆ ಕಾಯಿಲೆ ಎಷ್ಟು ಬೇಗ ಮುಗಿಸುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಅವರು ಮುಂದುವರಿಸಿದರು: ಇಲ್ಲಿ ಯಾರಾದರೂ ಸತ್ತರೆ ಬಾಡಿಗೆಯ ಒಬ್ಬ ಹೆಂಗಸು ಬಂದು ಕಾರ್ಯಕ್ರಮ ನಡೆಸಿಕೊಡುತ್ತಾಳೆ. ಅವಳು ಒಳ್ಳೆಯವಳೇ ಇರುತ್ತಾಳೆ. ನನ್ನ ಊರನ್ನು, ನನ್ನ ಅಪ್ಪನ ಕೆಲಸವನ್ನು, ನನ್ನನ್ನು, ಒಂದೊಂದನ್ನೂ ಇಂಗ್ಲಿಷ್ ಮಾಡಿ ಓದುತ್ತಾಳೆ. ಬದುಕಿದ್ದಾಗ ಸಹಿಸಿದ್ದು ಸಾಕು.

"ಮುಂದಿನ ಪಾಠ ನನ್ನ ಮಣ್ಣು. ನೀವ ಹೇಳಬೇಕು, ನನ್ನ ಭಾಷಾದಾಗ, ತಪ್ಪಿಲ್ಲದ. ಆಗೂದಿಲ್ಲ ಅನ್ನಾವರು ಈಗ ಎದ್ದು ಹೋಗ್ರಿ."

ಇಬ್ಬರು ನಿಜವಾಗಿಯೂ ಮುಂದಿನ ವಾರದಿಂದ ಬರಲಿಲ್ಲ. ಜೀವಂತ ಇರುವವರ ಮುಂದೆ ಅವರದೇ ಶವಸಂಸ್ಕಾರದ ತಾಲೀಮು ಮಾಡುವುದು ತಮ್ಮಿಂದಾಗದು ಅಂದರಂತೆ. ಉಳಿದದ್ದು ನಾವು ಮೂವರು: ಗೋರ್ ಕಡೆಯವಳು, ಪ್ಲಂಬರ, ನಾನು.

ಅಕ್ಕೋರು ನಾಲ್ಕೇ ಸಾಲು ಕಟ್ಟಿದ್ದರು. ಬರೆದು ಕೊಡಲಿಲ್ಲ. ಕಾಗದ ಕೊಟ್ಟರೆ ಇಂಗ್ಲಿಷ್ ಕಣ್ಣು ಓದುತ್ತದೆ, ಕಣ್ಣು ಓದಿದ್ದನ್ನು ನಾಲಿಗೆ ನಂಬುತ್ತದೆ, ಅಲ್ಲೇ ಕೆಡುವುದು ಅಂತ ಅವರ ವಾದ. ಅವರು ಹೇಳಬೇಕು, ನಾವು ಕೇಳಬೇಕು, ತಿರುಗಿ ಹೇಳಬೇಕು. ನಮ್ಮ ಶಾಲೆಯಲ್ಲಿ ಸಂಜೆ ಸಾಲಾಗಿ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದ ಹಾಗೆ. ಮೊದಲ ಸಾಲುಗಳು ಮಳೆ ಬೀಳುವ ಅವರ ಊರಿನವು, ಅವನ್ನು ಗೋರ್ ಕಡೆಯವಳಿಗೆ ಕೊಟ್ಟರು. ಕೊನೆಯ ಸಾಲು ಹೀಗಿತ್ತು: ಇಹಾ ದೆಲ್ ಫೆರ್ರೋಕಾರ್ರಿಲ್, ರೈಲಿನ ಮಗಳು, ಯಾರ ಮುಂದೆಯೂ ತಲೆ ತಗ್ಗಿಸಲಿಲ್ಲ. ಅದು ನನಗೇ ಬರುತ್ತದೆ ಅಂತ ನಾನು ಕೂತಿದ್ದೆ. ಇನ್ಯಾರಿಗೆ ಬರಬೇಕು? ಕೊಟ್ಟದ್ದು ಪ್ಲಂಬರನಿಗೆ.

ನನಗೆ ಸಿಟ್ಟು ಬಂತು, ಹೊಟ್ಟೆಕಿಚ್ಚೂ ಆಯಿತು, ಮುಚ್ಚಿಡುವುದೇನು. ಎಲ್ಲರೂ ಹೋದ ಮೇಲೆ ಕುರ್ಚಿ ಮಡಚುತ್ತ ಕೇಳಿಯೇಬಿಟ್ಟೆ. ಅವನಿಗೆ ಈ ಜನ್ಮದಲ್ಲಿ ಬರುವುದಿಲ್ಲ, ನನಗಾದರೆ ನಿದ್ದೆಯಲ್ಲಿ ಎಬ್ಬಿಸಿದರೂ ಬರುತ್ತದೆ, ನಿಮ್ಮ ಕೊನೆಯ ಮಾತನ್ನು ಅವನ ಬಾಯಿಗೆ ಯಾಕೆ ಹಾಕುತ್ತೀರಿ ಅಂತ. ಅಕ್ಕೋರು ನನ್ನ ಗಲ್ಲ ಹಿಡಿದು ಮುಖ ತಮ್ಮ ಕಡೆ ತಿರುಗಿಸಿಕೊಂಡರು.

"ನಿನ್ನ ನಾಲಿಗಿ ನಿಮ್ಮವ್ವ ಕೊಟ್ಟಿದ್ದು. ಅವಂದು ನಾ ಕೊಡೂದು."

ಅವರು ನನ್ನನ್ನು ಹಾಗೆಯೇ ಬಿಡಲಿಲ್ಲ, ನನಗೂ ಒಂದು ಕೆಲಸ ಇಟ್ಟಿದ್ದರು. ಅವತ್ತು ನಾನಿರುವುದಿಲ್ಲ, ತಿದ್ದುವವರು ಯಾರು? ಅವನು ತಪ್ಪಿದರೆ ನೀನು ಎದ್ದು ನಿಲ್ಲಿಸಬೇಕು, ಮತ್ತೆ ಹೇಳಿಸಬೇಕು, ಬರುವವರೆಗೂ ಹೇಳಿಸಬೇಕು ಅಂದರು. ಸತ್ತವರ ಎದುರು ನಮ್ಮಲ್ಲಿ ಜೋರಾಗಿ ಉಸಿರಾಡುವುದಿಲ್ಲ, ಅಳುವವರನ್ನು ತಿದ್ದುವುದುಂಟೇ, ಅದು ನನ್ನಿಂದಾಗುವುದಿಲ್ಲ ಅಂದೆ.

"ನೀ ನರ್ಸ್. ಎಲ್ಲಾ ಛಲೋ ಆತು ಅಂತ ಸುಳ್ಳ ಸಮಾಧಾನ ಹೇಳೂದು ನಿನ್ನ ಕೆಲಸ. ಅವತ್ತೊಂದಿನ ಆ ಕೆಲಸಕ್ಕ ರಜಾ ಹಾಕು. ಆಣಿ ಮಾಡು."

ಮಾಡಿದೆ.

ಆಮೇಲೆ ಅವರ ಮನೆಯೇ ತರಗತಿಯಾಯಿತು. ಕಿಟಕಿಯ ಪಕ್ಕ ಮಂಚ, ಹೊರಗೆ ಹಡಗುಗಳ ಬಂದರು. ಕೊನೆಗಾಲದ ರೋಗಿಗಳ ಮನೆಗೆ ಬರುವ ಹಾಸ್ಪಿಸ್ ನರ್ಸ್ ಕೊಟ್ಟ ಔಷಧದ ಮಂಪರಿನಲ್ಲೂ ಪ್ಲಂಬರನ ರಕಾರ ಜಾರಿದರೆ ಕಣ್ಣು ತೆರೆಯುತ್ತಿದ್ದರು. ಅವನು ಅಷ್ಟು ದೊಡ್ಡ ದೇಹವನ್ನು ಸಣ್ಣ ಸ್ಟೂಲಿನ ಮೇಲೆ ಮುದುಡಿಕೊಂಡು, ಕಣ್ಣು ಮುಚ್ಚಿ, ಮತ್ತೆ ಮತ್ತೆ ಹೇಳುತ್ತಿದ್ದ. ಮೊದಲ ಜೋಡಿ ರಕಾರ ಒಂದೊಂದು ದಿನ ಬರುತ್ತಿತ್ತು. ಎರಡನೆಯದು ಬರುತ್ತಲೇ ಇರಲಿಲ್ಲ.

ಆಕ್ಲೆಂಡಿನಿಂದ ಅವರ ಮಗ ಬಂದ. ಐವತ್ತರ ಹತ್ತಿರದ ಗಂಭೀರ ಮನುಷ್ಯ, ಒಳ್ಳೆಯ ಕೆಲಸದಲ್ಲಿದ್ದವನು, ಸ್ಪ್ಯಾನಿಷ್ ಅರ್ಥವಾದರೂ ಆಡದವನು. ಈ ತಾಲೀಮನ್ನು ಬಾಗಿಲಲ್ಲಿ ನಿಂತು ಒಂದು ದಿನ ನೋಡಿದ. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು, ನೀವು ಮಾಡುತ್ತಿರುವುದು ಅಮ್ಮನ ಸಾವಿನ ಸರ್ಕಸ್ ಅಂದ. ಚಿಕ್ಕವನಿದ್ದಾಗ ಶಾಲೆಯಲ್ಲಿ ಅವನ ಮಾತನ್ನು ಅಣಕಿಸುತ್ತಿದ್ದರಂತೆ, ಮನೆಗೆ ಬಂದರೆ ಅಮ್ಮ ತಿದ್ದುತ್ತಿದ್ದಳಂತೆ. ಎರಡೂ ಕಡೆ ತಪ್ಪು ಮಾಡುವುದಕ್ಕಿಂತ ಒಂದು ಕಡೆ ಸುಮ್ಮನಿರುವುದೇ ಸುಖ ಅಂತ ಆಗಲೇ ತೀರ್ಮಾನಿಸಿದೆ ಅಂದ. ಕೊನೆಯ ದಿನವಾದರೂ ಸುಲಭವಾಗಿ, ಎಲ್ಲರಿಗೂ ತಿಳಿಯುವ ಹಾಗೆ, ಇಂಗ್ಲಿಷಿನಲ್ಲಿ ಮುಗಿಯಲಿ ಅನ್ನುವುದು ಅವನ ಆಸೆ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನನಗೆ ನನ್ನ ಮಗಳು ನೆನಪಾದಳು.

ಒಳಗಿನಿಂದ ಅಕ್ಕೋರು ಎಲ್ಲ ಕೇಳಿಸಿಕೊಂಡಿದ್ದರು. ಮಗನನ್ನು ಕರೆದು, ನಿನಗೆ ಹೇಳಬೇಕಾದ್ದನ್ನು ನಿನ್ನ ಇಂಗ್ಲಿಷಿನಲ್ಲೇ ಹೇಳು, ಚೆನ್ನಾಗಿ ಹೇಳು, ನಾನು ಬೇಡ ಅನ್ನುವುದಿಲ್ಲ ಅಂದರು. ಆದರೆ ಈ ನಾಲ್ಕು ಸಾಲಿನ ತಂಟೆಗೆ ಬರಬೇಡ. ಅವನು ತಾಯಿಯ ಹೊದಿಕೆ ಸರಿಮಾಡಿ ಹೊರಗೆ ಹೋದ, ಬಂದರಿನ ಕಡೆ ನೋಡುತ್ತ ಬಹಳ ಹೊತ್ತು ಅಂಗಳದಲ್ಲಿ ನಿಂತಿದ್ದ.

ಅಕ್ಕೋರು ಆಗಸ್ಟಿನ ಒಂದು ಮಧ್ಯಾಹ್ನ ಹೋದರು. ಪ್ಲಂಬರನ ಎರಡನೆಯ ಜೋಡಿ ರಕಾರವನ್ನು ಅವರು ಕೇಳಲಿಲ್ಲ.

ಕಾರ್ಯಕ್ರಮ ಇಟ್ಟದ್ದು ಅದೇ ಹಾಲಿನಲ್ಲಿ. ನಡುವೆ ಪೆಟ್ಟಿಗೆ, ಸುತ್ತ ಕುರ್ಚಿ, ಜನ ತುಂಬಿದ್ದರು. ಇಷ್ಟು ಜನರ ನಾಲಿಗೆಯನ್ನು ಅವರು ಕಾಡಿದ್ದರೆಂದು ನನಗೆ ತಿಳಿದಿರಲಿಲ್ಲ. ನಡೆಸಿಕೊಡುವ ಹೆಂಗಸು ಬೂದು ಬಣ್ಣದ ಕೋಟು ಹಾಕಿ, ಮೆದುವಾಗಿ ನಗುತ್ತ, 'ನಾವೆಲ್ಲ ಇಲ್ಲಿ ಸೇರಿರುವುದು' ಅಂತ ಶುರು ಮಾಡಿ ಅಕ್ಕೋರ ಹೆಸರನ್ನು ಹೇಳಿದಳು. ಹೇಳಿದಳು ಅಂದೆನೇ? ಕೊಂದಳು. ಪಕ್ಕದಲ್ಲಿ ಕೂತಿದ್ದ ಗೋರ್ ಕಡೆಯವಳು ನನ್ನ ಮೊಣಕೈ ಹಿಡಿದುಕೊಂಡಳು. ಮಗ ಇಂಗ್ಲಿಷಿನಲ್ಲಿ ಮಾತಾಡಿದ, ತಾಯಿ ಹೇಳಿದ ಹಾಗೆ ಚೆನ್ನಾಗಿಯೇ ಮಾತಾಡಿದ. ಗೋರ್ ಕಡೆಯವಳು ತನ್ನ ಸಾಲುಗಳನ್ನು ತಪ್ಪಿಲ್ಲದೆ ಹೇಳಿ ಕೂತಳು. ಆಮೇಲೆ ಪ್ಲಂಬರ ಎದ್ದ.

ಸೂಟು ಹಾಕಿದ್ದ, ತೋಳು ಗಿಡ್ಡವಾಗಿತ್ತು. ಪೆಟ್ಟಿಗೆಯ ಮುಂದೆ ನಿಂತವನಿಗೆ ಮೊದಲು ಬಂದದ್ದು ಅಳು. ಅಳುವ ಬಾಯಿಯಲ್ಲಿ ರಕಾರ ನಿಲ್ಲುವುದಾದರೂ ಹೇಗೆ? ಎರಡೂ ಜೋಡಿ ಮಡಚಿಕೊಂಡು ಮಲಗಿದವು, ಪದ ಪೂರ್ತಿ ಇಂಗ್ಲಿಷಾಗಿ ಹೊರಬಿತ್ತು. ಜನ ಕರಗಿಹೋದರು. ಎಲ್ಲರೂ ತಲೆಯಾಡಿಸಿದರು, ಯಾರೋ ಮೂಗು ಒರೆಸಿಕೊಂಡರು, ಬೂದು ಕೋಟಿನ ಹೆಂಗಸು ಮುಂದೆ ಬಂದು ತುಂಬ ಸುಂದರವಾಗಿತ್ತು, ಧನ್ಯವಾದ ಅಂದಳು.

ನನ್ನವ್ವ ಇದ್ದಿದ್ದರೆ ಸೆರಗು ಹಿಡಿದು ಕೂರಿಸುತ್ತಿದ್ದಳು. ಎದ್ದು ನಿಂತೆ.

"ಇಲ್ಲ," ಅಂದೆ. "ಓತ್ರಾ ಬೇಸ್."

ಪ್ಲಂಬರ ನನ್ನ ಕಡೆ ನೋಡಿದ, ಕ್ಷಮಿಸು ಅಂತ ತುಟಿಯಲ್ಲೇ ಅಂದ, ಮತ್ತೆ ಹೇಳಿದ. ಮೊದಲ ಜೋಡಿ ಬಂತು, ಎರಡನೆಯದು ಜಾರಿತು. ನಾನು ಕೂರಲಿಲ್ಲ, ಮತ್ತೊಮ್ಮೆ ಅಂದೆ. ಆಗ ಆ ಹೆಂಗಸು ನನ್ನ ಬಳಿ ಬಂದು ತೋಳಿನ ಮೇಲೆ ಕೈಯಿಟ್ಟು, ಅಷ್ಟು ಸಾಕು, ತುಂಬ ಹತ್ತಿರ ಬಂದಿದೆ ಅಂತ ಪಿಸುಗುಟ್ಟಿದಳು. ಅವಳ ಕೈ ಕೊಡವಿಬಿಡುತ್ತಿದ್ದೆನೋ ಏನೋ, ಅಷ್ಟರಲ್ಲಿ ಮುಂದಿನ ಸಾಲಿನಿಂದ ಮಗ ತಿರುಗಿದ.

"ಬಿಡಿ ಅವರನ್ನ," ಅಂದ. "ಅಮ್ಮ ಇದ್ದಿದ್ರೂ ನಿಲ್ಲಿಸ್ತಿದ್ಲು."

ಪ್ಲಂಬರ ತೋಳಿನಿಂದ ಮೂಗು ಒರೆಸಿಕೊಂಡ. ಪೈಪು ಬಿಗಿಯುವಾಗ ನಿಲ್ಲುವ ಹಾಗೆ ಕಾಲು ಅಗಲಿಸಿ ನಿಂತ. ಕಣ್ಣು ಮುಚ್ಚಿದ. ಆಮೇಲೆ ಹೇಳಿದ. ಇಹಾ ದೆಲ್ ಫೆರ್ರೋಕಾರ್ರಿಲ್. ಮೊದಲ ಜೋಡಿ, ಎರಡನೆಯ ಜೋಡಿ, ಎರಡೂ ಹಾಲಿನ ಮರದ ಗೋಡೆಗೆ ಬಡಿದು ಬಂದವು. ಕೊನೆಯಲ್ಲಿ ಬಾಲವೂ ಇರಲಿಲ್ಲ. ಯಾರ ಮುಂದೆಯೂ ತಲೆ ತಗ್ಗಿಸಲಿಲ್ಲ ಅನ್ನುವ ಉಳಿದ ಮಾತನ್ನು ಕಣ್ಣು ತೆರೆದೇ ಹೇಳಿ, ಹೋಗಿ ತನ್ನ ಜಾಗದಲ್ಲಿ ಕೂತ. ನಾನೂ ಕೂತೆ.

ಕಾರುಗಳ ಹತ್ತಿರ ಹೋಗುವಾಗ ಟೋಪಿ ಹಾಕಿದ ಒಬ್ಬ ಹಿರಿಯಳು ನನ್ನನ್ನು ನಿಲ್ಲಿಸಿ, ಇಂಥ ದಿನವಾದರೂ ಸ್ವಲ್ಪ ಕನಿಕರ ತೋರಿಸಬೇಕಿತ್ತು ಅಂದಳು. ಇಂಥವರಿಗೆ ನಾನು ಹಿಂದೆಲ್ಲ ಸಾರಿ ಅಂದು ಸರಿದು ಹೋಗುತ್ತಿದ್ದೆ. ಅವತ್ತು ಸರಿಯಲಿಲ್ಲ. ತೋರಿಸಿದ್ದು ಅದನ್ನೇ ಅಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ನನಗೆ ಅದರ ಚಿಂತೆ ಇಲ್ಲ. ಇವತ್ತು ಕೇಳಿದರೂ ಅದನ್ನೇ ಅನ್ನುತ್ತೇನೆ. ಸಾಕು ಅಂತ ಬೆನ್ನು ತಟ್ಟುವುದು ಸುಲಭ, ಅದಕ್ಕೆ ಏನೂ ಖರ್ಚಿಲ್ಲ. ಇನ್ನೊಬ್ಬರಿಂದ ಆಗುತ್ತದೆ ಅಂತ ನಂಬಿ ನಿಲ್ಲಲು ಎದೆ ಬೇಕು. ಅಕ್ಕೋರು ನನಗೆ ಕಲಿಸಿದ್ದು ಸ್ಪ್ಯಾನಿಷ್ ಅಂತ ಊರಿನವರಿಗೆ ಹೇಳಿಕೊಂಡಿದ್ದೇನೆ, ಕಲಿಸಿದ್ದು ಇದನ್ನು.

ಸ್ಮಶಾನ ಗುಡ್ಡದ ಮೇಲೆ, ಸಮುದ್ರದ ಗಾಳಿ ಕಪಾಳಕ್ಕೆ ಹೊಡೆಯುತ್ತಿತ್ತು. ಪೆಟ್ಟಿಗೆ ಇಳಿಸಿದರು. ನಮ್ಮ ಲಿಂಗಾಯತರ ಹಾಗೆ ಇಲ್ಲಿಯೂ ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕುತ್ತಾರೆ, ಅಷ್ಟರಮಟ್ಟಿಗೆ ಅದು ನನಗೆ ಪರಊರು ಅನ್ನಿಸಲಿಲ್ಲ. ಮಗ ಹಾಕಿದ. ಆಮೇಲೆ ಪ್ಲಂಬರ ಬಗ್ಗಿ ತನ್ನ ದೊಡ್ಡ ಮುಷ್ಟಿಯ ತುಂಬ ಒದ್ದೆ ಮಣ್ಣು ತೆಗೆದುಕೊಂಡ. ಯಾರೂ ಕೇಳಿರಲಿಲ್ಲ, ನಮ್ಮ ನಾಲ್ಕು ಸಾಲಿನಲ್ಲೂ ಆ ಪದ ಇರಲಿಲ್ಲ, ಎಲ್ಲಿ ಹುಡುಕಿ ಕಲಿತಿದ್ದನೋ. ಮಣ್ಣು ಬಿಡುತ್ತ ಅವನು ತಿಯೆರ್ರಾ ಅಂದ. ಮಣ್ಣು ಅಂತಲೇ ಅರ್ಥ. ಹೇಳಿದವನು ಕುಣಿಯೊಳಗೆ ನೋಡಲಿಲ್ಲ. ತಲೆಯೆತ್ತಿ ನನ್ನ ಕಡೆ ನೋಡಿ ಕಾದ. ತಿದ್ದಲು ನನಗೆ ಏನೂ ಉಳಿದಿರಲಿಲ್ಲ.